ದೇವೀರತ್ತೆ ಆರಿಸಿದ ದುರ್ಬೀನು

ಹಳೆಯ ಚರ್ಮ ಬಿಸಿಲಿಗೆ ಕಾದಾಗ ಒಂದು ವಾಸನೆ ಬರುತ್ತದೆ. ಎಣ್ಣೆ, ಬೆವರು, ಒಂದಿಷ್ಟು ಬೂಷ್ಟು ಎಲ್ಲ ಕಲೆತದ್ದು. ಚೀಲ ರಿಪೇರಿಯವರ ಅಂಗಡಿ ಮುಂದೆ ಹಾದುಹೋಗುವಾಗ ಅದು ಮೂಗಿಗೆ ಬಡಿದರೆ ಈ ವಯಸ್ಸಿನಲ್ಲೂ ನನ್ನ ಕಾಲು ನಿಂತುಬಿಡುತ್ತದೆ. ನಿಮಗೂ ಇಂಥದೊಂದು ವಾಸನೆ ಇದ್ದೀತು, ಅದು ನಿಮ್ಮನ್ನು ಎಳೆದೊಯ್ಯುವ ಮನೆ ಈಗ ಇಲ್ಲದೆಯೂ ಇದ್ದೀತು. ನನ್ನನ್ನು ಅದು ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಡಂಚಿನ ಒಂದು ಹೆಂಚಿನ ಮನೆಗೆ ಕರೆದೊಯ್ಯುತ್ತದೆ. ಅಲ್ಲಿ ನಡುಮನೆಯ ಗೂಟವೊಂದರಲ್ಲಿ ಅಪ್ಪನ ಕಂಬಳಿ, ಪಕ್ಕದ ಗೂಟದಲ್ಲಿ ಚರ್ಮದ ಪೆಟ್ಟಿಗೆಯೊಳಗೆ ಒಂದು ದುರ್ಬೀನು. ಊರಲ್ಲಿ ರೇಡಿಯೋ ಇದ್ದ ಮನೆಗಳು ಎರಡೋ ಮೂರೋ ಇದ್ದವು, ದುರ್ಬೀನು ಇದ್ದದ್ದು ನಮ್ಮಲ್ಲಿ ಮಾತ್ರ. ಆ ಜಂಬ ಇನ್ನೂ ನನ್ನ ತಲೆಯಿಂದ ಪೂರ್ತಿ ಇಳಿದಿಲ್ಲ.

ಅದು ದೇವೀರತ್ತೆಯ ದುರ್ಬೀನು. ಅತ್ತೆ ಅಪ್ಪನ ತಂಗಿ. ಗಂಡ ತೀರಿಕೊಂಡು ತವರಿಗೆ ಬಂದವಳಿಗೆ ನಮ್ಮ ತಾತ, ಸಾಯುವ ಮುಂಚೆ, ಕಾಡಿಗೆ ತಗುಲಿಕೊಂಡಿದ್ದ ರಾಗಿ ಹೊಲ ತೋರಿಸಿ ಇದು ನಿನ್ನದು ಎಂದು ಬಾಯಿಮಾತಿನಲ್ಲಿ ಹೇಳಿ ಹೋಗಿದ್ದರು. ಅಷ್ಟು ಮಾತನ್ನೇ ನೆಚ್ಚಿಕೊಂಡು ಅತ್ತೆ ಗೊಬ್ಬರ ಹೊತ್ತಳು, ಕಳೆ ಕಿತ್ತಳು, ಬದುವಿನ ಕಲ್ಲು ಕೂಡ ತಾನೇ ಜೋಡಿಸಿದಳು. ಆದರೆ ಎರಡು ವರ್ಷ, ತೆನೆ ಹಾಲುಗಟ್ಟುವ ಹೊತ್ತಿಗೆ ಹೇಳಿ ಕಳಿಸಿದಂತೆ ಆನೆಗಳು ಇಳಿದವು. ಮೂರನೆಯ ವರ್ಷ ಅಪ್ಪ ಉಂಡು ಕೈ ತೊಳೆಯುತ್ತಾ, "ನೋಡು ದೇವೀರಿ, ಈ ಸಲಾನೂ ಆನೆ ಪಾಲಾದ್ರೆ ಆ ಹೊಲ ಪಕ್ಕದ್ಮನೆ ಪುಟ್ಟಸ್ವಾಮಿಗೆ ಅರ್ಧ ಪಾಲಿನ ವಾರಕ್ಕೆ ಕೊಟ್ಬುಡ್ತೀನಿ. ನೀನು ಸುಮ್ನೆ ಮನೇಲಿರು. ಮುದ್ದೆಗೇನು ಕಮ್ಮಿ ನಿಂಗೆ?" ಎಂದರು. ಅಪ್ಪ ಕೆಟ್ಟವರಲ್ಲ. ಆದರೆ ತನ್ನ ಹೊಲದ ಮುದ್ದೆಗೂ ಅಣ್ಣನ ಮನೆಯ ಮುದ್ದೆಗೂ ರುಚಿ ಬೇರೆ ಎಂಬುದು ಅವರ ನಾಲಗೆಗೆ ಗೊತ್ತಾಗುವ ಸಂದರ್ಭವೇ ಬಂದಿರಲಿಲ್ಲ. ಅತ್ತೆ ಅವತ್ತು ಅರ್ಧ ಊಟಕ್ಕೇ ಎದ್ದಳು.

ಆನೆ ತಿರುಗಿಸುವುದಕ್ಕೆ ನಮ್ಮ ಕಡೆ ಒಂದು ಕ್ರಮವಿತ್ತು. ಮುಸ್ಸಂಜೆಗೆ ಅವು ಬಿದಿರುಮೆಳೆಯ ಅಂಚಿಗೆ ಬಂದು, ಹೊರಗೆ ಕಾಲಿಡುವ ಮುನ್ನ ಕಿವಿಯಾಡಿಸುತ್ತಾ ನಿಲ್ಲುತ್ತವೆ. ಆಗಲೇ ಕಂಡು ತಮಟೆ ಬಡಿದರೆ ಹಿಂದಕ್ಕೆ ಹೋಗುತ್ತವೆ. ತೆನೆ ಬಾಯಿಗೆ ಹತ್ತಿತೋ, ಊರೇ ಬಂದು ಕೂಗಿದರೂ ಕದಲುವುದಿಲ್ಲ. ಹೊಲದ ಮತ್ತಿಮರದ ಮೇಲೆ ಕಾವಲಿನ ಅಟ್ಟಣೆ ಇತ್ತು, ಆದರೆ ಆ ಮಬ್ಬಿನಲ್ಲಿ ಮೆಳೆಯೆಲ್ಲ ಬರಿಗಣ್ಣಿಗೆ ಒಂದೇ ಕಪ್ಪು. ಅದಕ್ಕೇ ಅಪ್ಪ ಹುಣಸೂರಿಗೆ ಹೋಗಿ ದುರ್ಬೀನು ತಂದರು. ಕೊಡಗಿನ ತೋಟದ ಬಂಗಲೆಗಳ ಹಳೇ ಸಾಮಾನು ಮಾರುವ ಅಂಗಡಿಯಲ್ಲಿ, ಮಟಮಟ ಮಧ್ಯಾಹ್ನ ನಿಂತು, ಎಲ್ಲಕ್ಕಿಂತ ದೊಡ್ಡದಾಗಿ ತೋರಿಸುವುದನ್ನೇ ಆರಿಸಿದ್ದರು. "ಸೇತುವೆ ಆಚೆ ಕುಂತಿದ್ ಕಾಗೆ ಕೊಕ್ಕು ಕಾಣ್ತು ಕಣಮ್ಮಿ!" ಎಂದು ನನ್ನ ಮುಂದೆ ಕೊಚ್ಚಿಕೊಂಡರು. ಮೊದಲ ಸಂಜೆ ಅಟ್ಟಣೆ ಹತ್ತಿದವರೇ "ಆನೆ! ಆನೆ!" ಎಂದು ಕೂಗಿದ್ದೇ ಕೂಗಿದ್ದು, ಊರಿಗೆ ಊರೇ ತಮಟೆ ಪಂಜು ಹಿಡಿದು ಹೊಲದೊಳಕ್ಕೆ ನುಗ್ಗಿತು. ಮೆಳೆಯಿಂದ ಮೆಲ್ಲಗೆ ಆಚೆ ಬಂದವು ಪುಟ್ಟಸ್ವಾಮಿಯ ಎರಡು ಎಮ್ಮೆ. ಆನೆ ತುಳಿಯದ ರಾಗಿಯನ್ನು ಅವತ್ತು ಊರವರೇ ಒಂದು ಮೂಲೆ ತುಳಿದಿದ್ದರು. "ಅಣ್ಣೋ, ನಮ್ಮೆಮ್ಮೆಗೆ ಸೊಂಡ್ಲೂ ಕಂಡ್ತಾ?" ಎಂದು ಪುಟ್ಟಸ್ವಾಮಿ ಎಲ್ಲರೆದುರು ಕೇಳಿದ ಮೇಲೆ ಅಪ್ಪ ಮತ್ತೆ ಆ ಮರ ಹತ್ತಲಿಲ್ಲ.

ಮಾರನೆಯ ದಿನ ಅತ್ತೆ ಅದನ್ನು ತಾನೇ ಕಣ್ಣಿಗಿಟ್ಟು ನೋಡಿದಳು. ಉಸಿರೆಳೆದರೆ ಕಾಡು ಮೇಲಕ್ಕೆ, ಬಿಟ್ಟರೆ ಕೆಳಕ್ಕೆ. "ಇದು ದೂರದ್ದನ್ನ ದೊಡ್ಡದು ಮಾಡೋದಲ್ದೆ ನಮ್ ಕೈನಡುಕಾನೂ ದೊಡ್ಡದು ಮಾಡ್ತದೆ" ಎಂದವಳೇ ಅದನ್ನು ಹಳೇ ಸೀರೆಯಲ್ಲಿ ಸುತ್ತಿ, ನನ್ನ ಕೈ ಹಿಡಿದುಕೊಂಡು ಹುಣಸೂರಿನ ಬಸ್ಸು ಹತ್ತಿದಳು. ಅಂಗಡಿಯ ಖಾದರ್ ಸಾಬರು ಬಿಳಿಗಡ್ಡದ ನಿಧಾನಸ್ಥರು. "ಏನ್ ನೋಡ್ಬೇಕಮ್ಮಾ? ಎಲ್ಲಿ ಕೂತ್ಕೊಂಡು? ಯಾವ್ ಟೈಮಲ್ಲಿ? ನಿಮ್ಮಣ್ಣಾರ್ನೂ ಕೇಳ್ದೆ, ಅವರು ಕಾಗೆ ನೋಡ್ತಾ ಇದ್ರು" ಎಂದರು. ಅತ್ತೆ ನಕ್ಕು ಎಲ್ಲ ಹೇಳಿದಳು. ಸಾಬರು ಕಣ್ಣಿಡುವ ಕಡೆ ಕೆತ್ತಿದ್ದ ಎರಡು ಅಂಕಿ ತೋರಿಸಿದರು. ಮೊದಲನೆಯದು ಎಷ್ಟು ಪಟ್ಟು ಹತ್ತಿರ ತರುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ಅಗಲ. ಅಪ್ಪ ಒಯ್ದಿದ್ದರಲ್ಲಿ ಮೊದಲ ಅಂಕಿ ದೊಡ್ಡದು, ಗಾಜು ಕಿರಿದು. "ಬಾಯಿ ಅಗಲ ಇರೋ ಹಂಡೆಗೆ ಮಳೆನೀರು ಜಾಸ್ತಿ ಬೀಳ್ತದಲ್ಲಾ, ಬೆಳಕೂ ಹಂಗೇನೇ" ಎಂದು ನಾಲ್ಕಾರು ದುರ್ಬೀನು ತೆಗೆದು ಮುಂದಿಟ್ಟರು. ಅತ್ತೆ ಒಂದನ್ನೂ ಮುಟ್ಟಲಿಲ್ಲ. "ಬೆಳಕಿದ್ದಾಗ ನಂಗೆ ನನ್ ಕಣ್ಣೇ ಸಾಕು ಸಾಬ್ರೇ. ಹೊತ್ತು ಮುಳುಗ್ಲಿ, ಆಮ್ಯಾಕೆ ಆರಿಸ್ತೀನಿ" ಎಂದು ಜಗಲಿಯ ಮೇಲೆ ಕೂತೇಬಿಟ್ಟಳು. ಹೊಗೆಸೊಪ್ಪಿನ ಗಾಡಿಗಳು ಹೋದವು, ಸ್ಕೂಲು ಬಿಟ್ಟಿತು, ನಾನು ಬನ್ನು ತಿಂದು ಮುಗಿಸಿದೆ. ಅಂಗಡಿ ಎದುರಿನ ಲಕ್ಷ್ಮಣತೀರ್ಥ ಹೊಳೆಯ ಆಚೆ ದಡದ ಹುಣಸೆಮರದ ಕೆಳಗೆ ಒಂದು ಕತ್ತೆ ನಿಂತಿತ್ತು. ಅದು ನೆರಳೊಳಗೆ ಕಾಣದಾದಾಗ ಅತ್ತೆ ಮೊಣಕೈಯನ್ನು ಮಂಡಿಗೆ ಊರಿ ಒಂದೊಂದಾಗಿ ನೋಡಿದಳು. ಒಂದರಲ್ಲಿ ಕತ್ತೆ ಬರೀ ಮಸಿ. ಒಂದು ಚೆನ್ನಾಗಿತ್ತು, ಆದರೆ ಕೊರಳು ಕಿತ್ತುಬರುವ ಭಾರ. ಏಳೇ ಪಟ್ಟು ತೋರಿಸುವ, ಮುಂದಿನ ಗಾಜು ಅಗಲವಾಗಿದ್ದ ಒಂದನ್ನು ಹಿಡಿದವಳು ಮಾತ್ರ ಅಲುಗದೆ ಕೂತಳು. "ಕಾಲು ಕಾಣ್ತವೆ. ಅಯ್ಯೋ, ಕಿವಿ ಆಡ್ಸೋದೂ ಕಾಣ್ತದೆ ಕಣೇ! ಇದೇ ಸೈ" ಎಂದಳು. ಸಾಬರು ಅಪ್ಪ ಒಯ್ದಿದ್ದನ್ನು ವಾಪಸ್ಸು ತೆಗೆದುಕೊಂಡು ಇದನ್ನು ಕೊಟ್ಟರು. ಕೊನೆಯ ಬಸ್ಸು ತಪ್ಪಿಹೋಗಿತ್ತು. ಅಲ್ಲೇ ನೆಂಟರ ಮನೆಯಲ್ಲಿ ಮಲಗಿ ಬೆಳಿಗ್ಗೆ ಊರು ಸೇರಿದೆವು.

"ಏಳೇ ಪಟ್ಟಾ?" ಎಂದು ಅಪ್ಪ ಮೂಗು ಮುರಿದರು. ಹೆಂಗಸರು ಅಟ್ಟಣೆ ಹತ್ತುವ ರೂಢಿ ನಮ್ಮಲ್ಲಿರಲಿಲ್ಲ, ಅತ್ತೆ ಅದನ್ನು ಕೇಳಿಸಿಕೊಳ್ಳಲೂ ಇಲ್ಲ. ಕಚ್ಚೆ ಕಟ್ಟಿ ಹತ್ತಿದಳು, ಹಿಂದೆ ನಾನೂ ಹತ್ತಿದೆ. ದಿನಾ ಸಂಜೆ ಕೊಂಬೆಗೆ ಮೊಣಕೈ ಊರಿ ಮೆಳೆಯನ್ನು ಎಡದಿಂದ ಬಲಕ್ಕೆ ಗುಡಿಸಿದಂತೆ ನೋಡುತ್ತಿದ್ದಳು. ಒಂದು ಸಂಜೆ ಅವಳ ಕೈ ನಿಂತಿತು. ದುರ್ಬೀನನ್ನು ನನ್ನ ಕಣ್ಣಿಗೆ ಹಿಡಿದಳು. ಬೂದು ಬಣ್ಣದೊಳಗೆ ಇನ್ನೊಂದು ಬೂದು, ಅದರಲ್ಲಿ ಮೊರದಗಲದ್ದು ಏನೋ ಮೆಲ್ಲಗೆ ಬೀಸಿತು. ಕೆಳಗೆ ಬದುವಿನ ಮೇಲಿದ್ದ ಅಪ್ಪ, "ನಂಗೇನೂ ಕಾಣಕಿಲ್ಲ. ಎಮ್ಮೆಗಿಮ್ಮೆ ಇದ್ದಾತು, ನೋಡು" ಎಂದರು. "ಎಮ್ಮೆಗೆ ಅಷ್ಟಗಲ ಕಿವಿ ಎಲ್ಲಿದ್ದಾವು ಅಣ್ಣಯ್ಯ? ಬಡೀರ್ಲಾ ತಮಟೆ!" ಎಂದು ಅತ್ತೆ ಕೂಗಿದಳು. ತಮಟೆ, ತಗಡಿನ ಡಬ್ಬ, ಪುಟ್ಟಸ್ವಾಮಿಯ ಗಂಟಲು ಎಲ್ಲ ಒಟ್ಟಿಗೆ ಎದ್ದವು. ಮೆಳೆಯೊಳಗೆ ಬಿದಿರು ಲಟಲಟ ಮುರಿಯುವ ಸದ್ದು ಹಿಂದಕ್ಕೆ ಹಿಂದಕ್ಕೆ ಹೋಯಿತು. ಸುಗ್ಗಿಯವರೆಗೆ ಅವು ಮತ್ತೆ ಮತ್ತೆ ಬಂದವು, ಪ್ರತಿ ಸಲವೂ ಅತ್ತೆ ಅವಕ್ಕಿಂತ ಮುಂಚೆ ಅಲ್ಲಿದ್ದಳು. ಒಂದು ತೆನೆಯೂ ಆನೆಯ ಬಾಯಿಗೆ ಹೋಗಲಿಲ್ಲ. ನನ್ನ ಆಯುಸ್ಸಿನಲ್ಲಿ ಅಷ್ಟು ಸಂತೋಷದ ಸಂಜೆಗಳನ್ನು ನಾನು ಮತ್ತೆ ಕಂಡಿಲ್ಲ.

ನಮ್ಮ ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಕೊಳಗವನ್ನು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಅದನ್ನು ಹೇಳುವುದು ಮನೆಯ ಯಜಮಾನ. ಅಪ್ಪ ರಾಶಿಗೆ ಕೈಮುಗಿದು ಕೊಳಗ ಎತ್ತಿಕೊಂಡವರು, ಅದೇನನ್ನಿಸಿತೋ, ಅತ್ತೆಯ ಕೈಗಿಟ್ಟರು. ಅತ್ತೆ ಒಂದು ಗಳಿಗೆ ಅಣ್ಣನ ಮುಖ ನೋಡಿದಳು. ಆಮೇಲೆ ಕೊಳಗ ತುಂಬಿ "ಲಾಭಾ!" ಎಂದು ಕೂಗಿದ ಕೂಗಿಗೆ ಕಣದ ಸುತ್ತ ಇದ್ದವರೆಲ್ಲ ನಕ್ಕುಬಿಟ್ಟರು, ಅವಳೊಬ್ಬಳು ಅಳುತ್ತಿದ್ದಳು.

ಕೆಲವು ವರ್ಷಗಳ ಮೇಲೆ ಕಬಿನಿ ಅಣೆಕಟ್ಟಿನ ಹಿನ್ನೀರು ನಮ್ಮ ಊರಿಗೂ ಬರುತ್ತದೆ ಎಂದಾಯಿತು. ಅತ್ತೆ ಅದಕ್ಕೂ ಮುಂಚೆಯೇ ತೀರಿಹೋಗಿದ್ದಳು, ಒಂದು ದೃಷ್ಟಿಯಿಂದ ಒಳ್ಳೆಯದೇ ಆಯಿತು. ಮುಳುಗಡೆಯ ಜಮೀನು ಗುರುತಿಸಲು ಬಂದ ಸರ್ಕಾರಿ ನೌಕರ ಒಂದೊಂದೇ ಹೊಲ ದಾಟಿ ಕಾಡಂಚಿಗೆ ಬಂದು, "ಇದೂ ನಿಮ್ದೇ ಏನ್ರೀ?" ಎಂದು ಅಪ್ಪನನ್ನು ಕೇಳಿದ. ಹೌದೆಂದಿದ್ದರೆ ಅಲ್ಲ ಎನ್ನುವವರು ಅಲ್ಲಿ ಯಾರೂ ಇರಲಿಲ್ಲ. ಅಪ್ಪ ಟವಲಿನಿಂದ ಮುಖ ಒರೆಸಿಕೊಂಡರು. "ಅಲ್ಲ ಕಣ್ರೀ. ಇದು ನನ್ ತಂಗೀದು. ಅವಳ ಎಸ್ರೇ ಬರ್ಕಳಿ" ಎಂದರು. ಆ ಮಳೆಗಾಲ ನೀರು ಬಂತು, ಮನೆ ಹೋಯಿತು, ಕಣ ಹೋಯಿತು. ಮಿಕ್ಕ ಹೊಲಗಳೆಲ್ಲ ಅಪ್ಪನವಾಗಿ ಮುಳುಗಿದವು, ಅದೊಂದು ದೇವೀರತ್ತೆಯದಾಗಿಯೇ ಮುಳುಗಿತು.