ಸೊಂಟಕ್ಕೆ ಸಾಲದ ದಾರ

ಕಳೆದ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ. ನರಿಮೊಗರಿನ ನಮ್ಮ ಜಗಲಿಯಲ್ಲಿ ನಾನು, ಹೆಂಡತಿ ಮತ್ತು ಊರಿನ ಆಶಾ ಕಾರ್ಯಕರ್ತೆ ಇದ್ದೆವು. ಆಕೆ ನನ್ನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ನನ್ನ ಎತ್ತರದಷ್ಟು ದಾರ ಕತ್ತರಿಸಿ ಎರಡಾಗಿ ಮಡಚಿದರು. ಆ ಅರ್ಧ ದಾರ ಸೊಂಟವನ್ನು ಸುತ್ತಿ ಬರಬೇಕಂತೆ. ಬಾರದಿದ್ದರೆ ಹೃದಯದ ತೊಂದರೆ, ಸಕ್ಕರೆ ಕಾಯಿಲೆಗಳ ಅಪಾಯ ಹೆಚ್ಚು.

ದಾರವನ್ನು ನಾನೇ ಅಂಗಿಯ ಮೇಲಿಂದ ಸುತ್ತಿಕೊಂಡೆ. ಎಂಟು ಬೆರಳು ಕಡಿಮೆ ಬಿತ್ತು. ಅಣ್ಣ ಹೃದಯಾಘಾತದಿಂದ ತೀರಿಕೊಂಡಾಗ ಅವನಿಗೂ ಈಗಿನ ನನ್ನಷ್ಟೇ, ಅರುವತ್ತೆಂಟು ವಯಸ್ಸು. ದಿನವೂ ಐದಕ್ಕೆ ಎದ್ದು, ಹೊತ್ತಿಗೆ ಸರಿಯಾಗಿ ಉಣ್ಣುವ ನನಗೂ ಹೀಗಾಯಿತೇ ಎಂದು ಕುರ್ಚಿಯಲ್ಲಿ ಕುಳಿತುಬಿಟ್ಟೆ.

ಹೆಂಡತಿ ನನ್ನ ಸೊಂಟವನ್ನೇ ನೋಡಿದಳು. “ಎಂತ ಮಾರಾಯ್ರೆ, ಬೆಲ್ಟು, ಎಲೆಅಡಿಕೆ ಚೀಲ, ಮೊಬೈಲು ಎಲ್ಲ ಅಲ್ಲೇ ಉಂಟಲ್ಲ. ಅದನ್ನೂ ಸೇರಿಸಿ ಅಳೆಯುದಾ?”

ಎಲ್ಲ ಕಳಚಿಟ್ಟು, ಕಾರ್ಯಕರ್ತೆ ತೋರಿಸಿದಂತೆ ಬರಿಮೈಗೆ ದಾರ ಸುತ್ತಿದೆ. ಈಗ ಎರಡೇ ಬೆರಳು ಕಡಿಮೆ.

“ಇಷ್ಟು ಇಳಿಸ್ಲಿಕ್ಕೆ ಆಗ್ತದೆ ಮಾವ. ಆದ್ರೂ ಒಮ್ಮೆ ಬಿಪಿ, ಶುಗರ್ ನೋಡಿಸಿ,” ಎಂದು ಆಕೆ ನಕ್ಕರು. ಮಧ್ಯಾಹ್ನದೊಳಗೆ ಆರೋಗ್ಯ ಕೇಂದ್ರದಲ್ಲಿ ನೋಡಿಸಿದೆ, ಎರಡೂ ಸರಿಯಿದ್ದವು.

ಅಣ್ಣನ ಹಾಗೆ ನನ್ನ ಸರದಿಯೂ ಬಂತೆಂಬ ಭಯ ಇಳಿಯಿತು. ಆ ಎರಡು ಬೆರಳು ಮಾತ್ರ ನನ್ನ ಪಾಲಿನ ಕೆಲಸವಾಗಿ ಉಳಿದವು. ಸಂಜೆ ಪೇಟೆಯವರೆಗೆ ನಡೆದು ಬಂದೆ. ಎಂಟಕ್ಕೆ ಊಟಕ್ಕೆ ಕುಳಿತು, ಎರಡನೇ ಸಲ ಅನ್ನ ಬಡಿಸಲು ಬಂದ ಸೌಟಿಗೆ ಕೈ ಅಡ್ಡ ಹಿಡಿದೆ.