ಒಂದನೇ ಮನೆಯ ಚಿಪ್ಪು

ಎರಡು ವರ್ಷದ ಹಿಂದೆ ನಾನು ದಾಂಡೇಲಿಯಲ್ಲಿ ರಾಡಿ ತೊಳೆಯುವ ಕೆಲಸದಲ್ಲಿದ್ದೆ. ಈಗಲೂ ಅದರಲ್ಲೇ ಇದ್ದೇನೆ. ಹುದ್ದೆಯ ಹೆಸರು ಲ್ಯಾಬ್ ಅಸಿಸ್ಟೆಂಟ್. ನನ್ನ ಓದು ಎಂಟನೇ ತರಗತಿಗೆ ನಿಂತಿದೆ. ಇದಕ್ಕೂ ಮೊದಲು ಗಣೇಶಗುಡಿಯಲ್ಲಿ ರಾಫ್ಟಿಂಗ್ ದೋಣಿ ನಡೆಸುತ್ತಿದ್ದೆ. ಮಳೆಗಾಲದಲ್ಲಿ ಆ ಕೆಲಸ ನಿಲ್ಲುತ್ತದೆ, ಇದು ನಿಲ್ಲುವುದಿಲ್ಲ. ಅಷ್ಟೇ ಕಾರಣ.

ರಾಡಿ ನಮ್ಮ ಕಡೆಯದಲ್ಲ. ಅಂಟಾರ್ಕ್ಟಿಕಾದ ಸುತ್ತಲಿನ ಸಮುದ್ರದ ತಳದ್ದು. ಹಡಗಿನಿಂದ ಉದ್ದನೆಯ ಕೊಳವೆ ಇಳಿಸಿ ತಳದ ಮಣ್ಣನ್ನು ಇದ್ದ ಹಾಗೇ ಮೇಲೆತ್ತುತ್ತಾರೆ. ಅದಕ್ಕೆ ಕೋರ್ ಅನ್ನುತ್ತಾರೆ. ಮೇಲಿನ ಮಣ್ಣು ಹೊಸದು, ಕೆಳಕೆಳಗೆ ಹೋದಂತೆ ಸಾವಿರಾರು ವರ್ಷ ಹಳೆಯದು. ಗೋವಾದ ಒಂದು ಲ್ಯಾಬಿನವರು ಕೋರನ್ನು ಉದ್ದಕ್ಕೆ ಎರಡಾಗಿ ಸೀಳಿ, ಒಂದು ಸೀಳನ್ನು ತಾವು ಇಟ್ಟುಕೊಂಡು, ಇನ್ನೊಂದನ್ನು ಪದರ ಪದರವಾಗಿ ಕೊಯ್ದು ಘಟ್ಟ ಹತ್ತಿಸಿ ನಮಗೆ ಕಳಿಸುತ್ತಾರೆ. ನಾನು ಒಂದೊಂದು ಪದರವನ್ನೂ ಜರಡಿಯಲ್ಲಿ ತೊಳೆದು ಒಣಗಿಸುತ್ತೇನೆ. ಕೊನೆಗೆ ಉಳಿಯುವುದು ಒಂದು ಚಿಟಿಕೆ ಮರಳು.

ಆ ಮರಳಿನಲ್ಲಿ ಫೊರಾಮ್ ಎಂಬ ಜೀವಿಯ ಚಿಪ್ಪುಗಳಿರುತ್ತವೆ. ಬರಿಗಣ್ಣಿಗೆ ಪುಡಿ, ಮೈಕ್ರೋಸ್ಕೋಪಿನಲ್ಲಿ ಬಸವನಹುಳು. ತೀರಾ ತಣ್ಣನೆಯ ನೀರಿನ ಚಿಪ್ಪು ಎಡಕ್ಕೆ ಸುತ್ತಿಕೊಂಡಿರುತ್ತದೆ. ಸ್ವಲ್ಪ ಬೆಚ್ಚಗಿನ ನೀರಿನಲ್ಲಿರುವ ಅದರ ದಾಯಾದಿ ಬಲಕ್ಕೆ ಸುತ್ತಿಕೊಂಡಿರುತ್ತದೆ. ಹಳೇ ಸಮುದ್ರಕ್ಕೆ ಥರ್ಮಾಮೀಟರ್ ಇಡಲು ಆಗುವುದಿಲ್ಲ. ಎಡ ಎಷ್ಟು, ಬಲ ಎಷ್ಟು ಎಂದು ಎಣಿಸಿದರೆ ಆ ಕಾಲದ ನೀರು ಎಷ್ಟು ತಣ್ಣಗಿತ್ತು ಎಂಬ ಅಂದಾಜು ಸಿಗುತ್ತದೆ.

ಎಣಿಸುವವಳು ರೇಣವ್ವ. ಮುಂಡಗೋಡ ಕಡೆಯ ಹಳ್ಳಿಯವಳು, ದಾಂಡೇಲಿಗೆ ಮದುವೆಯಾಗಿ ಬಂದವಳು. ಗಂಡ ಲಾರಿಯ ಮೇಲಿಂದ ಬಿದ್ದು ಸೊಂಟ ಹಿಡಿದು ಮನೆಯಲ್ಲಿ ಕೂತಿದ್ದ. ಸಂಸಾರ ಈ ಕೆಲಸದ ಮೇಲೆ ನಡೆಯುತ್ತಿತ್ತು. ಅಕ್ಕಿಯಲ್ಲಿ ಕಲ್ಲು ಆರಿಸಿದ ಕಣ್ಣು ಅವಳದು. ಹಸಿ ಕುಂಚದ ತುದಿಯಿಂದ ಚಿಪ್ಪನ್ನು ಎತ್ತಿ ಸ್ಲೈಡಿಗೆ ಅಂಟಿಸುತ್ತಾಳೆ. ಸ್ಲೈಡ್ ಅಂದರೆ ಚೌಕಾಬಾರದ ಹಾಗೆ ಗೆರೆ ಹೊಡೆದ ರಟ್ಟು. ನಾವು ಅದರ ಚೌಕಕ್ಕೆ ಮನೆ ಅನ್ನುತ್ತೇವೆ. ಮನೆಗೊಂದು ಚಿಪ್ಪು.

ಕೆಲಸ ಹೀಗೆ: ಮರಳನ್ನು ಎರಡು ಪಾಲು ಮಾಡಬೇಕು. ಒಂದು ಪಾಲನ್ನು ಟ್ರೇಯಲ್ಲಿ ಹರಡಿ, ಅದರಲ್ಲಿರುವ ಚಿಪ್ಪನ್ನೆಲ್ಲ ಎಣಿಸಬೇಕು. ಇನ್ನೊಂದು ಪಾಲನ್ನು ಬಾಟಲಿಯಲ್ಲಿ ಹಾಗೇ ಇಡಬೇಕು, ಮುಟ್ಟಬಾರದು.

ಗೋವಾದ ಲ್ಯಾಬಿನ ಮೇಡಂ ಧಾರವಾಡದವರು. ಆ ವರ್ಷ ಅವರಿಗೆ ಒಂದು ದೊಡ್ಡ ವಿಷಯ ಸಿಕ್ಕಿತ್ತು. ತೀರಾ ತಣ್ಣಗಿರಬೇಕಾದ ಕಾಲದ ಪದರಗಳಲ್ಲೂ ಬಲಸುತ್ತಿನ ಚಿಪ್ಪು ತಪ್ಪದೆ ಬರುತ್ತಿತ್ತು. ಆ ಪದರಗಳಲ್ಲಿ ಚಿಪ್ಪೇ ಕಡಿಮೆ, ಹಾಗಾಗಿ ಒಂದು ಬಲಸುತ್ತು ಬಂದರೂ ಲೆಕ್ಕ ಮೇಲೇಳುತ್ತದೆ. ಬೆಚ್ಚನೆಯ ನೀರು ಆಗಲೂ ಹಿಮದ ಹತ್ತಿರದವರೆಗೆ ಬಂದಿತ್ತು ಎಂದು ಅದರ ಅರ್ಥ. ಈ ಬಗ್ಗೆ ದೊಡ್ಡ ಸಭೆಯೊಂದರಲ್ಲಿ ಮಾತಾಡುವುದಿತ್ತು. ಅದಕ್ಕೆ ಸ್ಲೈಡುಗಳ ಫೋಟೋ ತೆಗೆಯಲು ದಾಂಡೇಲಿಗೆ ಬಂದರು.

ಒಂದು ಸ್ಲೈಡ್ ನೋಡಿದರು. ಇನ್ನೊಂದು ನೋಡಿದರು. ಫೋಟೋ ತೆಗೆಯುವುದನ್ನು ಬಿಟ್ಟು ಬರೀ ನೋಡತೊಡಗಿದರು.

“ಪರಶುರಾಮ, ಇಲ್ಲಿ ಬಾ. ಒಂದನೇ ಮನ್ಯಾಗ ಏನೈತಿ?”

“ಬಲಾ ಐತ್ರಿ.”

“ಇದರಾಗ?”

“ಬಲಾ.”

“ಇದರಾಗ?”

ಅದೂ ಬಲ. ಎಲ್ಲ ಸ್ಲೈಡಿನಲ್ಲೂ ಒಂದನೇ ಮನೆಯಲ್ಲಿ ಬಲಸುತ್ತೇ ಇತ್ತು. ಅದು ತಾನಾಗಿ ಆಗುವ ಮಾತಲ್ಲ. ಯಾರೋ ಇಟ್ಟರೆ ಮಾತ್ರ ಆಗುತ್ತದೆ.

ರೇಣವ್ವ ಚಹಾ ತಂದಳು. ಮೇಡಂ ಕೇಳಿದರು. ಅವಳು ಮುಚ್ಚಿಡಲಿಲ್ಲ.

“ಹೌದ್ರಿ, ನಾನ ಇಡ್ತೇನಿ. ಮೊದಲ ಬಲದ್ದು. ಒಂದು ದಿನಾನೂ ತಪ್ಸಿಲ್ರಿ.”

“ಟ್ರೇದಾಗ ಬಲದ್ದು ಇರಲಿಲ್ಲಂದ್ರ?”

“ಬಾಟ್ಲಿದಾಗ ಉಳದಿರ್ತೈತಲ್ರಿ, ಅದರಾಗ ಹುಡುಕ್ತೇನಿ.”

“ಅದರಾಗೂ ಇಲ್ಲಂದ್ರ?”

“ಬಾಜೂ ಬಾಟ್ಲಿಂದ ತರ್ತೇನ್ರಿ. ಎಲ್ಲಾ ಒಂದ ಸಮುದ್ರದ್ದಲ್ಲೇನ್ರಿ?”

ಮೇಡಂ ಕುರ್ಚಿಯಲ್ಲಿ ಕೂತುಬಿಟ್ಟರು. ಬಾಜೂ ಬಾಟಲಿ ಅಂದರೆ ಬೇರೆ ಪದರ, ನೂರಾರು ವರ್ಷ ಆಚೀಚಿನದು.

“ಯಾಕ ರೇಣವ್ವಾ?”

“ಎಡದ್ದರಿಂದ ಹೆಂಗ ಶುರು ಮಾಡೂದ್ರಿ? ಬಿತ್ತೂ ಮುಂದ ಮೊದಲನೇ ಹಿಡಿ ಎಡಗೈಲೆ ಒಗಿತಾರೇನ್ರಿ? ಸೊಸಿ ಎಡಗಾಲ ಇಟ್ಟು ಒಳಗ ಬರ್ತಾಳೇನ್ರಿ? ನಿಮ್ಮ ಕೆಲಸ ಚೊಲೋ ಆಗ್ಲಿ ಅಂತ ಮಾಡೇನ್ರಿ.”

ಮೇಡಂ ಹೊರಗೆ ಹೋಗಿ ತಮ್ಮ ಮೇಲಿನವರಿಗೆ ಫೋನ್ ಮಾಡಿದರು. ಒಳಗೆ ಬಂದು, ಆ ಹೆಂಗಸನ್ನು ಕೆಲಸದಿಂದ ತೆಗೆಯಿರಿ ಅಂತ ಹೇಳಿದ್ದಾರೆ ಎಂದರು. ಆಗ ರೇಣವ್ವನಿಗೆ ವಿಷಯ ತಿಳಿಯಿತು. ಚಹಾದ ಲೋಟಗಳನ್ನು ಎತ್ತಿಕೊಂಡು ಹೋಗಿ ತೊಳೆಯತೊಡಗಿದಳು. ತುಂಬಿದ ಲೋಟಗಳನ್ನೂ ಚೆಲ್ಲಿ ತೊಳೆದಳು.

ನನಗೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ. “ಆಕಿನ್ನ ತಗೀಬ್ಯಾಡ್ರಿ,” ಅಂದೆ. “ಕೇಳಿದ್ದಕ್ಕ ನೆಟ್ಟಗ ಹೇಳ್ಯಾಳ. ಹೊಸಾಕಿ ಬಂದು ಏನ್ ಮಾಡ್ತಾಳ, ಕೇಳಿದ್ರ ಹೇಳ್ತಾಳೋ ಇಲ್ಲೋ, ಯಾರಿಗ್ಗೊತ್ತು?”

ಮೇಡಂ ಮತ್ತೆ ಹೊರಗೆ ಹೋಗಿ ಇನ್ನೊಂದು ಫೋನ್ ಮಾಡಿದರು. ಈ ಸಲ ಹೆಚ್ಚು ಹೊತ್ತು ಮಾತಾಡಿದರು. ಆಮೇಲೆ ಹೇಳಿದರು: ಬಾಟಲಿಗಳು ಕೆಟ್ಟಿವೆ, ಅವನ್ನು ನಂಬುವಂತಿಲ್ಲ. ಗೋವಾದಲ್ಲಿ ಕೋರಿನ ಇನ್ನೊಂದು ಸೀಳಿದೆ. ಅದನ್ನು ಕೊಯ್ದು, ತಣ್ಣನೆಯ ಪದರಗಳನ್ನೆಲ್ಲ ಮೊದಲಿನಿಂದ ಎಣಿಸಬೇಕು. ರೇಣವ್ವನೇ ಎಣಿಸಬೇಕು, ತಾವು ಪಕ್ಕದಲ್ಲಿ ಕೂರುತ್ತಾರಂತೆ.

ಮಣ್ಣು ಬಂತು. ನಾನು ತೊಳೆದೆ. ಮೇಡಂ ಹೊಸ ನಿಯಮ ಹೇಳಿದರು: ಟ್ರೇಯ ಮೂಲೆಯಿಂದ ಸಾಲು ಹಿಡಿದು ಬರಬೇಕು, ಮೊದಲು ಸಿಕ್ಕಿದ್ದು ಒಂದನೇ ಮನೆಗೆ. ಮೊದಲನೇ ಟ್ರೇಯಲ್ಲೇ ರೇಣವ್ವನ ಕುಂಚ ಗಾಳಿಯಲ್ಲಿ ನಿಂತಿತು.

“ಮೇಡಂ, ಎಡದ್ದೈತ್ರಿ.”

“ಇಡ್ರಿ.”

“ಇಡ್ಲ್ಯಾ?”

“ಇಡವಾ ನಮ್ಮಕ್ಕಾ,” ಅಂದೆ ನಾನು. “ಕುಂಚ ಒಣಗಿ ಹೋಗ್ತೈತಿ.”

“ನೀ ಬಾಯ್ಮುಚ್ಚಿಕೊಂಡು ರಾಡಿ ತೊಳಿ,” ಅಂದಳು. ಆದರೆ ಇಟ್ಟಳು.

ಎಲ್ಲ ಪದರ ಮುಗಿಯಿತು. ಎಲ್ಲೋ ಒಂದರಲ್ಲಿ ಬಲಸುತ್ತು ಬಂದಿತ್ತು. ಉಳಿದವೆಲ್ಲ ಎಡ. ಮೇಡಂ ಲ್ಯಾಪ್‌ಟಾಪಿನಲ್ಲಿ ಹೊಸ ಲೆಕ್ಕದ ಗ್ರಾಫ್ ಎಳೆದು ನೋಡಿದರು. ಮೊದಲು ಮೇಲೆದ್ದಿದ್ದ ಗೆರೆ ಈಗ ಚಪ್ಪಟೆಯಾಗಿತ್ತು. ಆ ಕಾಲದಲ್ಲಿ ಬೆಚ್ಚನೆಯ ನೀರು ಅಲ್ಲಿಗೆ ಬಂದಿರಲೇ ಇಲ್ಲ.

“ತಣ್ಣಗ ಇತ್ತು,” ಅಂದರು.

“ಕೆಟ್ಟ ಸುದ್ದೀನ್ರಿ?” ರೇಣವ್ವ ಕೇಳಿದಳು.

“ಸುದ್ದೀನ ಇಲ್ಲ ಈಗ,” ಅಂದು ಮೇಡಂ ಲ್ಯಾಪ್‌ಟಾಪ್ ಮುಚ್ಚಿದರು. ಸಭೆಗೆ ಬರುವುದಿಲ್ಲ ಎಂದು ಅವರೇ ತಿಳಿಸಿದರಂತೆ. ರೇಣವ್ವನ ಕೆಲಸ ಉಳಿಯಿತು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಕೆಲಸಗೇಡಿಯ ತಪ್ಪು ಒಮ್ಮೆ ಎಡಕ್ಕೆ ಬೀಳುತ್ತದೆ, ಒಮ್ಮೆ ಬಲಕ್ಕೆ ಬೀಳುತ್ತದೆ. ಬಹಳ ಸಲ ಎಣಿಸಿದರೆ ಅದು ತಾನೇ ಸರಿಹೋಗುತ್ತದೆ. ಮನಸ್ಸಿಟ್ಟು ಮಾಡುವವರ ತಪ್ಪು ಪ್ರತಿ ಸಲ ಒಂದೇ ಕಡೆ ಬೀಳುತ್ತದೆ. ಎಷ್ಟು ಎಣಿಸಿದರೂ ಸರಿಹೋಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ. ಅದನ್ನು ಕೇಳಿಯೇ ತಿಳಿಯಬೇಕು.

ಈಚೆಗೆ ಹಳಿಯಾಳದಿಂದ ಹೊಸಬಳೊಬ್ಬಳು ಕೆಲಸ ಕೇಳಿಕೊಂಡು ಬಂದಳು. ನಾನು ಅವಳ ಓದು ಕೇಳಲಿಲ್ಲ, ಕಣ್ಣು ಹೇಗಿದೆ ಎಂದೂ ಕೇಳಲಿಲ್ಲ.

“ಯಾವುದರೆ ಕೆಲಸ ಶುರು ಮಾಡೂಕಿಂತ ಮೊದಲ ಏನ್ ಮಾಡ್ತೀರಿ?” ಅಂದೆ.

ಅವಳು ಹೆದರಿ, “ಏನೂ ಇಲ್ರಿ,” ಅಂದಳು.

ರೇಣವ್ವ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯಲಿಲ್ಲ.

“ಏನರೆ ಇದ್ದ ಇರ್ತೈತವಾ,” ಅಂದಳು. “ಈಗ ಹೇಳಿಬಿಡು.”