ಲೆಕ್ಕದ ಮೆಷಿನ್ನೂ ಮೇಸ್ತ್ರಿಯ ತೂಕವೂ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಮೂರ್ನಾಲ್ಕು ವರ್ಷವಾಗಿತ್ತು. ನಾನು ಶನಿವಾರಸಂತೆಯ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ರೈಟರ್ ಎಂದರೆ ಹಾಜರಿ ಬರೆಯುವವನು, ತೂಕ ಬರೆಯುವವನು, ಮಳೆ ಅಳೆದು ಬರೆಯುವವನು, ಬರೆದದ್ದೆಲ್ಲ ತಪ್ಪಾಗಿದ್ದರೆ ಏನು ಗತಿ ಎಂದು ಚಿಂತಿಸುವವನು. ಕೊನೆಯ ಕೆಲಸಕ್ಕೆ ಸಂಬಳವಿರಲಿಲ್ಲ. ಆದರೂ ನಾನು ತುಂಬ ಶ್ರದ್ಧೆಯಿಂದ ಮಾಡುತ್ತಿದ್ದುದು ಅದನ್ನೇ.

ಒಂದು ಮಳೆಗಾಲದಲ್ಲಿ ಗೋದಾಮಿನ ಹಳೆಯ ಗೋಣಿಚೀಲ ಎಣಿಸುತ್ತಿದ್ದಾಗ ಅಡಿಯಲ್ಲಿ ಕಪ್ಪು ಕಬ್ಬಿಣದ ಪೆಟ್ಟಿಗೆಯೊಂದು ಸಿಕ್ಕಿತು. ಎಸ್ಟೇಟು ಮಾರಿ ತನ್ನ ದೇಶಕ್ಕೆ ಹೋದ ಇಂಗ್ಲಿಷ್ ದೊರೆ ಬಿಟ್ಟುಹೋದ ಲೆಕ್ಕದ ಮೆಷಿನ್. ಎದುರಿಗೆ ಸಾಲಾಗಿ ಸಣ್ಣ ಹಿಡಿಗಳು, ಬಲಕ್ಕೆ ತಿರುಗಿಸುವ ಕೈ, ಕೆಳಗೆ ಅಂಕಿ ಕಾಣುವ ಕಿಂಡಿಗಳು. ಹಿಡಿಗಳನ್ನು ಬೇಕಾದ ಅಂಕಿಗೆ ಎಳೆದು ಕೈಯನ್ನು ಒಂದು ಸುತ್ತು ತಿರುಗಿಸಿದರೆ ಆ ಸಂಖ್ಯೆ ಕೆಳಗಿನ ಮೊತ್ತಕ್ಕೆ ಕೂಡಿಕೊಳ್ಳಬೇಕು. ಕೂಡಿಕೊಳ್ಳುವುದಿರಲಿ, ಅದು ತಿರುಗಲೇ ಇಲ್ಲ. ಒಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು.

ದೊರೆಯಿಂದ ಎಸ್ಟೇಟು ಕೊಂಡಿದ್ದ ದಣಿಗೆ ತೋರಿಸಿದೆ. "ತಕ್ಕೊಂಡು ಹೋಗಿ ರೈಟ್ರೇ. ರಿಪೇರಿ ಆದ್ರೆ ಆಫೀಸಿಗಾಯ್ತು, ಆಗದಿದ್ರೆ ಬಾಗಿಲಿಗೆ ಅಡ್ಡ ಇಡೋಕಾಯ್ತು" ಎಂದರು.

ಭಾನುವಾರ ಊಟವಾದ ಮೇಲೆ ಅದರ ಮುಂದೆ ಕೂರುವುದು ರೂಢಿಯಾಯಿತು. ಬಿಚ್ಚಿದ ಪ್ರತಿ ಸ್ಕ್ರೂವನ್ನೂ ಕಾಗದದ ಮೇಲಿಟ್ಟು ನಂಬರು ಬರೆದೆ. ಕಾಗದ ಹಾರಿಹೋದರೆ ಎಂದು ಹೆದರಿ ಇನ್ನೊಂದು ಕಾಗದದಲ್ಲಿ ಅದರ ನಕ್ಷೆ ಬರೆದಿಟ್ಟೆ. "ನೀವು ಬಿಚ್ಚಿದ ಗಡಿಯಾರ ಇನ್ನೂ ಅಟ್ಟದ ಮೇಲಿದೆ" ಎಂದು ಹೆಂಡತಿ ನೆನಪಿಸಿದಳು. ತುಕ್ಕು ಹಿಡಿದ ಭಾಗಗಳನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿದೆ. ಹಲ್ಲಿನ ಚಕ್ರವೊಂದು ಕೈಯಲ್ಲೇ ಮುರಿಯಿತು. ಹಾಳಾದ ಗ್ಯಾಸ್‌ಲೈಟಿನ ಹಿತ್ತಾಳೆಯಿಂದ ಅರದಲ್ಲಿ ಉಜ್ಜಿ ಉಜ್ಜಿ ಹೊಸದೊಂದನ್ನು ಮಾಡಿದೆ. ಹತ್ತು ಹಲ್ಲು ಬೇಕಿತ್ತು, ಮೊದಲನೆಯದಕ್ಕೆ ಹನ್ನೊಂದು ಬಂದವು. ಎರಡನೆಯದು ಸರಿಹೋಯಿತು.

ಒಳಗಿನ ಚಮತ್ಕಾರವಿದ್ದುದು ಚಕ್ರಗಳ ನಡುವಿನ ಪುಟ್ಟ ಸನ್ನೆಕೋಲುಗಳಲ್ಲಿ. ಒಂದು ಚಕ್ರ ಒಂಬತ್ತು ದಾಟಿದ ಕೂಡಲೇ ಸನ್ನೆಯೊಂದು ಎದ್ದು ಪಕ್ಕದ ಚಕ್ರವನ್ನು ಒಂದು ಹಲ್ಲು ಮುಂದೆ ತಳ್ಳುತ್ತದೆ. ಶಾಲೆಯಲ್ಲಿ ನಾವು "ಕೈಯಲ್ಲೊಂದು" ಎಂದು ಬೆರಳು ಮಡಿಸುತ್ತಿದ್ದೆವಲ್ಲ, ಅದೇ ಕೆಲಸ. ಆ ಸನ್ನೆಗಳಿಗೆಲ್ಲ ಮನೆಯಲ್ಲಿದ್ದ ಅತ್ಯಂತ ಶುದ್ಧವಾದ ಎಣ್ಣೆ ಹಾಕಿ ಮತ್ತೆ ಜೋಡಿಸಿದೆ. ಒಂದೂ ಸ್ಕ್ರೂ ಮಿಗಲಿಲ್ಲ, ಕೂಡಿಸಿ ನೋಡಿದ್ದೆಲ್ಲ ಸರಿಯಾಗಿಯೇ ಬಂತು. ನನ್ನನ್ನು ಕೆಡಿಸಿದ್ದು ಅದೇ.

ಡಿಸೆಂಬರಿನಲ್ಲಿ ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಶುರುವಾಯಿತು. ತಕ್ಕಡಿಯ ಹತ್ತಿರ ನಿಲ್ಲುತ್ತಿದ್ದವರು ಕೂಲಿಯವರ ಉಸ್ತುವಾರಿ ನೋಡುವ ನಮ್ಮ ಮೇಸ್ತ್ರಿ, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಓದು ಬರಹವಿಲ್ಲ. ಪ್ರತಿ ಚೀಲದ ತೂಕ ಕೂಗುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಸಂಜೆಗೆ ದಿನದ ಒಟ್ಟು ತೂಕವನ್ನು ಮನಸ್ಸಿನಲ್ಲೇ ಕೂಡಿ ಹೇಳುತ್ತಿದ್ದರು. ಆ ಒಟ್ಟು ತೂಕದ ಮೇಲೆ ಅವರಿಗೆ ಕಮಿಷನ್. ಹಿಂದಿನ ವರ್ಷಗಳಲ್ಲಿ ನಾನು ಸಂಜೆಯೇ ಕೂತು ಕೂಡಿ, ಅವರ ಲೆಕ್ಕಕ್ಕೆ ತಾಳೆ ನೋಡುತ್ತಿದ್ದೆ. ಈಗ ಆಫೀಸಿನಲ್ಲಿ ಮೆಷಿನ್ನಿತ್ತಲ್ಲ, ಹತ್ತು ನಿಮಿಷದ ಕೆಲಸ. ಬೆಳಿಗ್ಗೆ ಆಫೀಸು ತೆಗೆದ ಕೂಡಲೇ ಮಾಡಿದರಾಯಿತು ಎಂದುಕೊಂಡೆ.

ಮೊದಲನೆಯ ಬೆಳಿಗ್ಗೆಯೇ ಮೆಷಿನ್ನಿನ ಮೊತ್ತಕ್ಕಿಂತ ಮೇಸ್ತ್ರಿಯ ಮೊತ್ತ ನೂರು ಪೌಂಡು ಹೆಚ್ಚಿತ್ತು.

"ಮೇಸ್ತ್ರಿಗಳೇ, ನಿನ್ನೇದು ನೂರು ಹೆಚ್ಚಾಗಿದೆಯಲ್ಲ?"

"ಯಾರು ಹೇಳಿದ್ದು?"

"ಮೆಷಿನ್."

"ಅದು ತಕ್ಕಡಿ ಹತ್ರ ಬಂದಿತ್ತಾ?"

ನಾನು ನಕ್ಕೆ. ಆದರೆ ಹನ್ನೆರಡು ದಿನದಲ್ಲಿ ಏಳು ದಿನ ಹಾಗೆಯೇ ಆಯಿತು. ಪ್ರತಿ ಸಲವೂ ಮೇಸ್ತ್ರಿಯದೇ ಹೆಚ್ಚು. ಒಂದು ದಿನ ಹತ್ತು, ಒಂದು ದಿನ ನೂರು, ಒಂದು ದಿನ ಇನ್ನೂರು. ಮೂವತ್ತೇಳು, ಅರವತ್ತೆರಡು ಎಂಬಂಥ ವ್ಯತ್ಯಾಸ ಒಂದು ದಿನವೂ ಇಲ್ಲ. ಕಳ್ಳಲೆಕ್ಕ ಹೇಳುವವನು ಅಷ್ಟು ದುಂಡಗೆ ಹೇಳುತ್ತಾನೆಯೇ ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಗೋದಾಮಿಗೆ ಬೀಗ ಹಾಕಿದೆನೇ ಎಂದು ದಿನಕ್ಕೆ ಮೂರು ಸಲ ಹೋಗಿ ನೋಡುವ ನಾನು, ಆ ಮೊತ್ತವನ್ನು ಮಾತ್ರ ಎರಡನೇ ಸಲ ತಿರುಗಿಸಿ ನೋಡಲಿಲ್ಲ. ಮೆಷಿನ್ನಿನ ಕೈ ಸ್ವಲ್ಪ ಬಿಗಿಯಾಗಿ ತಿರುಗುತ್ತಿತ್ತು, ನಿಜ. ಹಳೆಯ ಮೆಷಿನ್, ವಯಸ್ಸಾಗಿದೆ ಎಂದುಕೊಂಡೆ.

ನಾಳೆ ಇದು ಬಯಲಾದರೆ ನನ್ನ ತಲೆಗೂ ಬರುತ್ತದೆ ಎಂಬ ಹೆದರಿಕೆಯಿಂದ ದಣಿಗೆ ಹೇಳಿಬಿಟ್ಟೆ. ಮರುದಿನ ಬೆಳಗಿನ ಹಾಜರಿಯ ಹೊತ್ತಿಗೆ, ಪಿಕ್ಕಿಂಗಿಗೆ ಬಂದವರೆಲ್ಲ ಸಾಲಾಗಿ ನಿಂತಿದ್ದಾಗ, ದಣಿ ಮೇಸ್ತ್ರಿಯ ಕಡೆ ತಿರುಗಿ ಹೇಳಿದರು: "ಇವತ್ತಿಂದ ತಕ್ಕಡಿಗೆ ಡ್ರೈವರ್ ನಿಲ್ತಾನೆ. ನೀನು ಗಿಡದ ಹತ್ರ ಇರು. ಸೀಸನ್ ಮುಗಿದ ಮೇಲೆ ನಿನ್ನ ವಿಷಯ ನೋಡುವ." ಮೇಸ್ತ್ರಿ ತೋಟಕ್ಕೆ ಇಳಿದುಹೋದರು. ಸಾಲಿನಲ್ಲಿದ್ದ ಯಾರೂ ಅವರ ಕಡೆ ನೋಡಲಿಲ್ಲ. ಎಲ್ಲರೂ ನೋಡಿದ್ದು ನನ್ನನ್ನು.

ಆ ಭಾನುವಾರ ಬೆಳಿಗ್ಗೆ, ಬಾಕಿಯಿದ್ದ ಲೆಕ್ಕ ಮಾಡಲೆಂದು ಮೆಷಿನ್ನನ್ನು ಮನೆಗೆ ಹೊತ್ತು ತಂದಿದ್ದೆ. ಮುಚ್ಚಳ ತೆಗೆದು ಧೂಳು ಒರೆಸುತ್ತಿದ್ದಾಗ ಹೆಂಡತಿ ಬಗ್ಗಿ ನೋಡಿದಳು.

"ಇದೇನ್ರೀ, ಸಂದಿಲೆಲ್ಲ ಬೆಳ್ಳಗೆ ಬೆಣ್ಣೆ ಥರ?" ತಲೆಯಿಂದ ಪಿನ್ನು ತೆಗೆದು ಕೆರೆದು ಮೂಸಿದಳು. "ನನ್ನ ಕೊಬ್ಬರಿ ಎಣ್ಣೆ! ಆವಾಗ ಬಾಟ್ಲಿ ಯಾಕೆ ಅಷ್ಟು ಬೇಗ ಖಾಲಿಯಾಯ್ತು ಅಂತ ನಾನು ಕೆಲಸದವಳ ಮೇಲೆ ಸಂಶಯಪಟ್ಟಿದ್ದೆ."

"ಶುದ್ಧವಾದ ಎಣ್ಣೆ ಅಂತ..."

"ಈ ಚಳಿಲಿ ನಾನೇ ಒಲೆ ಪಕ್ಕ ಇಟ್ಟು ಕರಗಿಸ್ಕೊಂಡು ತಲೆಗೆ ಹಾಕ್ತೀನಿ. ಅದಕ್ಕೆ ಒಲೆ ಯಾರು ಹಚ್ಚಿದ್ರು?"

ಮೆಷಿನ್ನನ್ನು ಅಂಗಳದ ಬಿಸಿಲಿನಲ್ಲಿಟ್ಟು ಮಧ್ಯಾಹ್ನದವರೆಗೆ ಕಾದೆ. ಕೈ ಹಗುರವಾಗಿ ತಿರುಗಿತು. ಹನ್ನೆರಡು ದಿನದ ಲೆಕ್ಕವನ್ನು ಮೊದಲಿನಿಂದ ಕೂಡಿದೆ. ಹನ್ನೆರಡಕ್ಕೆ ಹನ್ನೆರಡೂ ಮೇಸ್ತ್ರಿ ಹೇಳಿದ್ದೇ ಬಂತು. ಬೆಳಗಿನ ಚಳಿಗೆ ಎಣ್ಣೆ ಗಟ್ಟಿಯಾಗಿ, ಸನ್ನೆಗಳು ಏಳದೆ, ಕೈಯಲ್ಲೊಂದು ಎನ್ನಬೇಕಾದಲ್ಲಿ ಮೆಷಿನ್ನು ಒಮ್ಮೊಮ್ಮೆ ಆ ಒಂದನ್ನು ನುಂಗಿತ್ತು.

ಕೂಡಲೇ ಎಲ್ಲ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಹೊಲಿಗೆ ಮೆಷಿನ್ನಿನ ಎಣ್ಣೆ ಹಾಕಿದೆ. ದೋಷವೊಂದು ಮನೆಯೊಳಗಿದ್ದರೆ ನನಗೆ ಊಟ ಸೇರುವುದಿಲ್ಲ.

ಸಂಜೆ ದಣಿಗೆ ಹೇಳಿದೆ. ಅವರು ನಕ್ಕುಬಿಟ್ಟರು. "ಸರಿ, ಅವನಿಗೆ ನಾಳೆಯಿಂದ ತಕ್ಕಡಿಗೆ ಬರೋಕೆ ಹೇಳಿ. ಮೆಷಿನ್ ಈಗ ಸರಿ ಇದ್ಯಲ್ಲ?"

ಅಲ್ಲಿಂದ ಕೂಲಿಯವರ ಮನೆಗಳ ಲೈನಿಗೆ, ಮೇಸ್ತ್ರಿಯ ಮನೆಗೆ ಹೋದೆ. ಅವರು ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನಾನು ಎಣ್ಣೆಯ ಕಥೆಯನ್ನೆಲ್ಲ ಹೇಳಿ ಮುಗಿಸುವವರೆಗೆ ಎಲೆ ಬಾಯಿಗೆ ಹೋಗಲಿಲ್ಲ.

"ಎಲ್ಲರ ಎದುರಿಗೆ ತೆಗೆದ್ರಿ" ಎಂದರು. "ಎಲ್ಲರ ಎದುರಿಗೇ ಹೇಳಿ. ಅದನ್ನೂ ಹೊತ್ಕೊಂಡು ಬನ್ನಿ. ತಪ್ಪು ಲೆಕ್ಕ ಮಾಡಿ ತೋರಿಸ್ಲಿ. ಜನ ಕಣ್ಣಲ್ಲಿ ನೋಡಿದ್ರೆ ನಂಬ್ತಾರೆ."

ಅದು ಇನ್ನು ತಪ್ಪು ಮಾಡುವುದಿಲ್ಲ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಚಳಿ ಜೋರಾಗಿದ್ದರೆ ಒಂದಾದರೂ ಮಾಡೀತು ಎಂದು ಆಸೆಪಟ್ಟೆ.

ಮರುದಿನ ಚಳಿ ಜೋರಾಗಿಯೇ ಇತ್ತು. ಹಾಜರಿಯ ಜಾಗದಲ್ಲಿ ಸ್ಟೂಲಿನ ಮೇಲೆ ಮೆಷಿನ್ನಿಟ್ಟು ತಿರುಗಿಸಿದೆ. ತೊಂಬತ್ತೊಂಬತ್ತಕ್ಕೆ ಒಂದು ಕೂಡಿಸಿದೆ, ನೂರು ಬಂತು. ಒಂಬೈನೂರ ತೊಂಬತ್ತೊಂಬತ್ತಕ್ಕೆ ಒಂದು, ಸಾವಿರ ಬಂತು. ಸೀಸನ್ನಿನಲ್ಲಿ ಒಂದು ಬೆಳಿಗ್ಗೆಯೂ ಅದು ಅಷ್ಟು ಚೆನ್ನಾಗಿ ತಿರುಗಿರಲಿಲ್ಲ.

ಮುಂದಿನ ಸಾಲಿನ ಹೆಂಗಸೊಬ್ಬಳು ಕೇಳಿದಳು: "ಸರೀನೇ ಇದೆಯಲ್ಲ ರೈಟ್ರೇ? ಹಂಗಾದ್ರೆ ಮೇಸ್ತ್ರಿ ಹೇಳಿದ್ದು ಸುಳ್ಳಾ?"

ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದರು. ದಾರಿಯುದ್ದಕ್ಕೂ ನಾನು ಎಂಟು ವಾಕ್ಯ ಕಟ್ಟಿಕೊಂಡು ಬಂದಿದ್ದೆ, ಎಂಟರಲ್ಲೂ ಕರ್ತೃ ಮೆಷಿನ್ನೇ. ಒಂದೂ ಉಪಯೋಗಕ್ಕೆ ಬರಲಿಲ್ಲ.

"ಮೆಷಿನ್ ಸರಿ ಇದೆ" ಎಂದೆ. "ಅದನ್ನು ಕೆಡಿಸಿದ್ದು ನಾನು. ಕೆಟ್ಟಿದ್ದಾಗ ಅದನ್ನು ನಂಬಿ ದೂರು ಹೇಳಿದ್ದೂ ನಾನು. ಮೇಸ್ತ್ರಿಗಳ ತೂಕದಲ್ಲಿ ಒಂದು ಪೌಂಡೂ ತಪ್ಪಿರಲಿಲ್ಲ."

"ಜೋರಾಗಿ ಹೇಳಿ, ಹಿಂದಿದ್ದೋರಿಗೆ ಕೇಳಿಲ್ಲ" ಎಂದಳು ಅದೇ ಹೆಂಗಸು. ಇನ್ನೊಮ್ಮೆ ಹೇಳಿದೆ. ಕೆಲವರು ನಕ್ಕರು, ಯಾರೋ ಕೆಮ್ಮಿದರು, ಸಾಲು ಕರಗಿ ತೋಟಕ್ಕೆ ಇಳಿಯಿತು.

ಮಧ್ಯಾಹ್ನ ಮೇಸ್ತ್ರಿ ತಕ್ಕಡಿಗೆ ಬಂದರು. ಮೊದಲ ಚೀಲ ಕೊಕ್ಕೆಗೆ ಏರಿಸಿ "ಎಂಬತ್ತನಾಲ್ಕು" ಎಂದು ಕೂಗಿದರು. ನಾನು ಬರೆದುಕೊಂಡೆ. ಚೀಲ ಇಳಿಯಲಿಲ್ಲ. ತಲೆಯೆತ್ತಿದರೆ ಅವರು ನನ್ನನ್ನೇ ನೋಡುತ್ತ ನಿಂತಿದ್ದರು.

"ಎಂಬತ್ತನಾಲ್ಕು" ಎಂದೆ.

ಚೀಲ ಇಳಿಯಿತು. ಆ ಸೀಸನ್ನೂ, ನಾನು ಆ ಎಸ್ಟೇಟಿನಲ್ಲಿದ್ದ ಉಳಿದೆಲ್ಲ ಸೀಸನ್ನುಗಳೂ ಹೀಗೆಯೇ ನಡೆದವು. ನಾನು ತಿರುಗಿ ಹೇಳುವವರೆಗೆ ಅವರು ಕೊಕ್ಕೆ ಬಿಚ್ಚುತ್ತಿರಲಿಲ್ಲ.